ಉಲ್ಟಾ ತಿರುಗುವ ಕಪ್ಪುಕುಳಿ

"ಒಂದು ಪ್ರಶ್ನೆ... ಸುತ್ತಲಿನ ಅನಿಲ ಒಂದು ಕಡೆಗೆ, ಕುಳಿ ಇನ್ನೊಂದು ಕಡೆಗೆ ತಿರುಗ್ತಾ ಇದ್ರೆ?"

ಕ್ರೈಸ್ಟ್‌ಚರ್ಚ್‌ನ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಎಲ್ಲರೂ ಹಿಂದಕ್ಕೆ ತಿರುಗಿ ನೋಡಿದರು. ವೇದಿಕೆಯ ಮೇಲೆ ತನ್ನ ಸಂಶೋಧನೆ ಮಂಡಿಸುತ್ತಿದ್ದ ರಿಪೇಕಾ ಹಾಳೆಗಳಿಂದ ತಲೆ ಎತ್ತಿದಳು.

ಕೊನೆಯ ಸಾಲಿನಲ್ಲಿ ಎದ್ದು ನಿಂತಿದ್ದವನು ಸೆಮಿಸಿ. ಆಕ್ಲೆಂಡ್‌ನಿಂದ ಈ ವಿಭಾಗಕ್ಕೆ ಸಂಶೋಧಕನಾಗಿ ಬಂದು ಇನ್ನೂ ತಿಂಗಳಾಗಿರಲಿಲ್ಲ. ಎತ್ತರದ ಮೈಕಟ್ಟು, ಮೆಲುದನಿ.

ಮೂರು ವರ್ಷ ದುಡಿದು ರಿಪೇಕಾ ಕಂಡುಕೊಂಡಿದ್ದು ಒಂದೇ: ತಾನು ಅಧ್ಯಯನ ಮಾಡುತ್ತಿರುವ ಕಪ್ಪುಕುಳಿ ತಿರುಗುತ್ತಲೇ ಇಲ್ಲ! ಕುಳಿ ತಿರುಗುವ ದಿಕ್ಕಿನಲ್ಲೇ ಅನಿಲವೂ ಸುತ್ತಿದರೆ, ತೀರಾ ಹತ್ತಿರ ಹೋದರೂ ಅದು ಒಳಗೆ ಬೀಳುವುದಿಲ್ಲ. ಇಲ್ಲಿ ಅನಿಲದ ಸುತ್ತು ದೂರದಲ್ಲೇ ಮುಗಿಯುತ್ತಿತ್ತು. ಸುಮ್ಮನಿರುವ ಕುಳಿಗೂ ತುಸು ಹೆಚ್ಚೇ ಎನಿಸುವಷ್ಟು ದೂರ... ಆ 'ತುಸು'ವನ್ನು ಅವಳು ಉಪಕರಣದ ದೋಷವೆಂದು ಬದಿಗಿಟ್ಟಿದ್ದಳು.

"ನೋಡ್ತೀನಿ," ಎಂದಷ್ಟೇ ಹೇಳಿ ಕೆಳಗಿಳಿದಳು. ಪಿಎಚ್‌ಡಿ ಪ್ರಬಂಧ ಒಪ್ಪಿಸಲು ಮೂರೇ ವಾರ ಉಳಿದಿತ್ತು.

'ಅಷ್ಟು ಜನರ ಮುಂದೆ ನನ್ನ ಮಾನ ಕಳೀಬೇಕಿತ್ತಾ?'

ಆಮೇಲೆ ಅವನು ಎದುರಾದರೆ ಮುಖ ತಿರುಗಿಸಿದಳು. ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ. ಒಂಬತ್ತನೆಯ ದಿನ ತಡೆಯಲಾರದೆ ದಿಕ್ಕು ಬದಲಿಸಿ ಲೆಕ್ಕ ಹಾಕಿದಳು.

ಕರಾರುವಾಕ್ಕಾಗಿ ಕೂತಿತು! ಕುಳಿ ಸುಮ್ಮನಿರಲಿಲ್ಲ, ಅನಿಲಕ್ಕೆ ವಿರುದ್ಧವಾಗಿ ರಭಸದಿಂದ ಗಿರಗಿರನೆ ತಿರುಗುತ್ತಿತ್ತು. ಹಾಗೆ ವಿರುದ್ಧ ಸುತ್ತುವ ಅನಿಲ ದೂರದಲ್ಲೇ ಹಿಡಿತ ತಪ್ಪಿ ಒಳಗೆ ಬೀಳುತ್ತದೆ.

ಸಂತೋಷ... ಜೊತೆಗೆ ಸಿಟ್ಟು. ನೇರ ಚಹಾ ಕೋಣೆಗೆ ಹೋದಳು.

"ಏನೇ, ಮುಖ ಊದಿಸ್ಕೊಂಡಿದ್ದೀಯ?" ಎಂದರು ಆ ಕೋಣೆ ನೋಡಿಕೊಳ್ಳುವ ವಿನಿ ಆಂಟಿ.

"ಆ ಸೆಮಿಸಿ ಹೇಳಿದ್ದೇ ಸರಿ ಆಂಟಿ. ಆದ್ರೆ ಮೊದಲೇ ನನ್ನ ಹತ್ರ ಬಂದು ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು?"

"ಬಂದಿದ್ದ ಕಣೇ! ಅವತ್ತು ಬೆಳಗ್ಗೆ ನಿನ್ನ ಭಾಷಣದ ಸಾರಾಂಶ ಹಿಡ್ಕೊಂಡು ಮೂರು ಸಲ ನಿನ್ನ ಬಾಗಿಲು ತಟ್ಟಿದ. ನೀನು ಕಿವಿಗೆ ಅದೇನೋ ಸಿಗಿಸ್ಕೊಂಡು, ಗೋಡೆಗೆ ಭಾಷಣ ಒಪ್ಪಿಸ್ತಿದ್ದೆ. ಪಾಪ, ಹೆದರಿ ವಾಪಸ್ ಬಂದು ಇಲ್ಲಿ ಎರಡು ಸ್ಕೋನ್ ಬನ್ನು ತಿಂದ!"

ರಿಪೇಕಾ ಅಲ್ಲಿಂದಲೇ ಸೆಮಿಸಿಯ ಕೋಣೆಯತ್ತ ಓಡಿದಳು. 'ಅಯ್ಯೋ... ಒಂಬತ್ತು ದಿನ ಸುಮ್ಮನೆ ಬೈದುಕೊಂಡೆನಲ್ಲ!'

ಅವನ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳನ್ನು ಕಂಡು ಗಡಬಡಿಸಿ ಎದ್ದ.

"ನಿಮ್ಮ ಕುಳಿ ಉಲ್ಟಾನೇ ತಿರುಗ್ತಿದೆ," ಎಂದಳು.

"ಕುಳಿ ನಿಮ್ದು. ನಾನು ಬರೀ ಪ್ರಶ್ನೆ ಕೇಳ್ದೆ. ಎಲ್ರ ಮುಂದೆ ಕೇಳಬಾರದಿತ್ತು... ತಪ್ಪಾಯ್ತು."

"ಕೊನೇ ಅಧ್ಯಾಯ ಪೂರ್ತಿ ಹೊಸದಾಗಿ ಬರೀಬೇಕು. ಹನ್ನೆರಡೇ ದಿನ ಇದೆ. ಲೆಕ್ಕ ನೋಡಿಕೊಡ್ತೀರಾ?"

"ಈಗಲೇ!"

"ಒಂದು ನಿಮಿಷ. ಮೂರು ಸಲ ಬಂದಿದ್ದು ಇದನ್ನೇ ಹೇಳೋಕಾ?"

ಸೆಮಿಸಿಯ ಕಿವಿ ಕೆಂಪಾಯಿತು.

"ಎರಡು ಸಲ ಇದಕ್ಕೇ. ಮೂರನೇ ಸಲ... ಬೇರೆ ವಿಷಯ."

"ಏನು?"

"ಭಾನುವಾರ ಚರ್ಚ್ ಮುಗಿದ ಮೇಲೆ ನಮ್ಮಕ್ಕನ ಮನೇಲಿ ಎಲ್ರೂ ಊಟಕ್ಕೆ ಸೇರ್ತೀವಿ. ಟಾರೋ ಗೆಡ್ಡೆ, ತೆಂಗಿನ ಹಾಲಲ್ಲಿ ಬೇಯಿಸಿದ ಸೊಪ್ಪು... ನೀವು ಬರ್ತೀರಾ ಅಂತ ಕೇಳೋಣ ಅಂತ."

ರಿಪೇಕಾ ನಗು ತಡೆದುಕೊಂಡಳು. "ನಿಮ್ಮ ಮನೆಯವರು ಏನಂತ ತಿಳ್ಕೋತಾರೆ?"

"ಇದುವರೆಗೂ ನಾನು ಯಾರನ್ನೂ ಕರ್ಕೊಂಡು ಹೋಗಿಲ್ಲ," ಎಂದ ಮೆಲ್ಲನೆ. "ಅವರು ಸರಿಯಾಗೇ ತಿಳ್ಕೋತಾರೆ."

"ಹಾಗಾದ್ರೆ ಮೊದಲು ಈ 'ನೀವು' ಬಿಡು."

"...ಬರ್ತೀಯಾ, ರಿಪೇಕಾ?"

"ಬರ್ತೀನಿ ಕಣೋ!"