ಮುರಿಯದ ಸೂಜಿ

ಎರಡನೆಯ ಸಲ ಗುದ್ದಿದಾಗ ನನ್ನ ನಾಲಿಗೆ ನನ್ನದೇ ಹಲ್ಲಿಗೆ ಸಿಕ್ಕಿತು.

ಬಾಯಿ ತುಂಬ ರಕ್ತ. ಉಗಿಯಲು ಪುರುಸೊತ್ತಿಲ್ಲ. ಕನ್ನಡಿಯಲ್ಲಿ ಕಪ್ಪು ಕಾರಿನ ಮೂತಿ... ಪಶ್ಚಿಮದ ನಂಬರ್ ಪ್ಲೇಟು. ಎಡಕ್ಕೆ ಬಂಡೆ. ಬಲಕ್ಕೆ ನಲವತ್ತು ಅಡಿ ಕೆಳಗೆ ಹೊಳೆ, ದಂಡೆಯಲ್ಲಿ ಇನ್ನೂ ಕರಗದ ಹಿಮ.

ನನ್ನದು ಟ್ರಬಾಂಟ್, ಪೂರ್ವದ ಪುಟ್ಟ ಕಾರು. ತೊಂಬತ್ತು ದಾಟಿದರೆ ಅದು ದೇವರನ್ನು ನೆನೆಯುತ್ತದೆ. ನಾನು ನಾಸ್ತಿಕ. ಆದರೂ ಕಾಲನ್ನು ಪೂರ್ತಿ ಒತ್ತಿದೆ.

ಮೂರನೆಯ ಸಲ!

ಹಿಂದಿನ ಬಂಪರ್ ಕಳಚಿ ರಸ್ತೆಯ ಮೇಲೆ ಠಣ್ ಠಣ್ ಎಂದು ಉರುಳಿತು. ಕಪ್ಪು ಕಾರು ಅದನ್ನು ತಪ್ಪಿಸಲು ಒಂದು ಕ್ಷಣ ಓಲಾಡಿತು. ಆ ಒಂದು ಕ್ಷಣ ನನ್ನದು.

ಶುಕ್ರವಾರ. ಬೆಳಿಗ್ಗೆ ಹತ್ತು ಗಂಟೆ. ನನ್ನ ಅಂಗಿಯೊಳಗೆ ಒಂದು ಹಳೆಯ ರಟ್ಟಿನ ಪುಸ್ತಕ. ಹನ್ನೆರಡರೊಳಗೆ ಅದು ಕೆಮ್ನಿಟ್ಸ್ ನಗರ ತಲುಪಬೇಕು. ತಲುಪಿದರೆ ನಾನೂರು ಜನರ ಕೆಲಸ ಉಳಿಯುತ್ತದೆ... ಹಾಗೆಂದು ನಾನು ನಂಬಿದ್ದೆ.

ನನ್ನ ಹೆಸರು ಹೆನ್ನರ್ ಲಿಪ್ಪೋಲ್ಡ್. ಇಪ್ಪತ್ತೆರಡು ವರ್ಷ ಜನತಾ ಪೊಲೀಸಿನಲ್ಲಿ ಪತ್ತೇದಾರ. ಪೂರ್ವ, ಪಶ್ಚಿಮ ಎಂದು ಎರಡಾಗಿದ್ದ ದೇಶ ಒಂದಾಯಿತು, ನನ್ನ ಇಲಾಖೆ ಇಲ್ಲವಾಯಿತು. ಮುಚ್ಚಿದ ಹಾಲಿನಂಗಡಿಯೊಂದರಲ್ಲಿ ಮೇಜು ಹಾಕಿಕೊಂಡು ಕುಳಿತೆ. ಓಡಿಹೋದ ಗಂಡಂದಿರನ್ನು ಹುಡುಕಿಕೊಡುವುದು ಕಸುಬು. ಎಲ್ಲರೂ ಸಿಗುತ್ತಿದ್ದದ್ದು ಒಂದೇ ಕಡೆ... ಪಶ್ಚಿಮದ ಬವೇರಿಯಾದಲ್ಲಿ! ನಮ್ಮಲ್ಲಿ ಮಾಡುತ್ತಿದ್ದ ಕೆಲಸಕ್ಕೇ ಅಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು ಸಂಬಳ. ನನ್ನ ಹೆಂಡತಿ ಇಲ್ಕಾಳನ್ನು ಹುಡುಕುವ ಕಷ್ಟ ಇರಲಿಲ್ಲ. ವಿಳಾಸ ಬರೆದಿಟ್ಟೇ ಹೋಗಿದ್ದಳು.

ಅಂದು ಬೆಳಿಗ್ಗೆ ಎಂಟಕ್ಕೆ ರೋಸ್ವಿಟಾ ಕ್ಯೂಬ್ಲರ್ ನನ್ನ ಅಂಗಡಿಗೆ ನುಗ್ಗಿದಳು. ಎರ್ಲೆನ್‌ಟಾಲ್ ಸೂಜಿ ಕಾರ್ಖಾನೆಯ ನೌಕರರ ಮುಖಂಡೆ. ನಮ್ಮ ಕಣಿವೆಯಲ್ಲಿ ಇರುವುದು ಅದೊಂದೇ ಕಾರ್ಖಾನೆ.

"ಹೆನ್ನರ್, ನಿನ್ನ ಗಾಡಿ ಓಡುತ್ತಾ?"

"ಇಳಿಜಾರಿದ್ರೆ ಓಡುತ್ತೆ."

"ತಮಾಷೆ ಆಮೇಲೆ ಮಾಡು. ಇದನ್ನ ಹಿಡಿ."

ಪುಸ್ತಕ ಮೇಜಿನ ಮೇಲೆ ಬಿತ್ತು. ಪುಟ ತುಂಬ ಇರುವೆ ಸಾಲಿನಂಥ ಕೈಬರಹ.

"ಮೆಲ್ಟ್ಸರ್ ಮೇಸ್ತ್ರಿ ಬರೆದದ್ದು. ಹತ್ತೊಂಬತ್ತು ವರ್ಷದ್ದು. ಹೆಣೆಯೋ ಯಂತ್ರದ ಸೂಜಿಗೆ ಬೆಂಕೀಲಿ ಹದ ಹಾಕೋ ಗುಟ್ಟು, ಪರೀಕ್ಷೆಯ ಫಲಿತಾಂಶ, ಎಲ್ಲ ಇದರಲ್ಲಿದೆ. ಪಶ್ಚಿಮದ ಸೂಜಿ ಆರು ತಿಂಗಳಿಗೆ ಮುರಿಯುತ್ತೆ. ನಮ್ಮದು ಮೂರು ವರ್ಷ!"

"ಸರಿ. ಅದಕ್ಕೇನೀಗ?"

"ನಮ್ಮ ಕಾರ್ಖಾನೆ ಹಳೇ ಕಬ್ಬಿಣ ಅಂತ ಕೆಮ್ನಿಟ್ಸ್‌ನ ಸರ್ಕಾರಿ ಕಚೇರಿಯವರು ವರದಿ ಬರೆದಿದಾರೆ ಕಣೋ. ಇವತ್ತು ಹನ್ನೆರಡಕ್ಕೆ ಪಶ್ಚಿಮದ ಕಂಪನಿಗೆ ಮಾರ್ತಾರೆ. ಅವರು ತಗೊಂಡು ಬೀಗ ಹಾಕ್ತಾರೆ. ಇಟಲಿಯವನೊಬ್ಬ ಇದಾನೆ, ನಾನೂರು ಜನರನ್ನ ಇಟ್ಕೋತೀನಿ ಅಂತಾನೆ. ಕಾರ್ಖಾನೆ ಬದುಕೋ ಅಂಥದ್ದು ಅಂತ ಸಹಿಗೆ ಮುಂಚೆ ತೋರಿಸಿದ್ರೆ ಅವನಿಗೇ ಕೊಡಬೇಕು. ನಿಯಮ ಹಾಗಿದೆ."

"ಫೋನ್ ಮಾಡು."

"ಮೂರು ದಿನದಿಂದ ಲೈನ್ ಇಲ್ಲ. ಹೊಸ ಕೇಬಲ್‌ಗೆ ಅಂತ ರಸ್ತೆಯೆಲ್ಲ ಅಗೀತಿದಾರಲ್ಲ."

"ನೀನೇ ಹೋಗು."

ರೋಸ್ವಿಟಾ ಕಿಟಕಿಯ ಕಡೆ ನೋಡಿದಳು. ದನಿ ಇಳಿಯಿತು.

"ನನ್ನ ಕಾರಿನ ನಾಲ್ಕೂ ಟೈರು ಕುಯ್ದಿದಾರೆ. ಕಂಪನಿಯವರ ಜನ ಇಬ್ಬರು ಗೇಟಲ್ಲಿ ನಿಂತಿದಾರೆ. ಈ ಪುಸ್ತಕ ಎಲ್ಲಿ ಅಂತ ಎಲ್ಲರನ್ನೂ ಕೇಳ್ತಿದಾರೆ."

ಆ ಇಬ್ಬರೇ ಈಗ ನನ್ನ ಬೆನ್ನ ಹಿಂದೆ!

ಮುಂದೆ ತಿರುವು. ತಿರುವಿನಾಚೆ ಹಳೆಯ ರೈಲು ಸೇತುವೆ. ನಮ್ಮ ಬೆಟ್ಟದ ಪುಟ್ಟ ರೈಲಿನದು. ಹಳಿ ಕಿತ್ತು ಹಾಕಿ ಎಷ್ಟೋ ವರ್ಷವಾಗಿದೆ. ಎರಡು ಬದಿಯ ಕಟಕಟೆಗಳ ನಡುವೆ ಒಂದು ಕುದುರೆಗಾಡಿ ಹಾಯುವಷ್ಟು ಜಾಗ.

ಯೋಚಿಸಲಿಲ್ಲ. ತಿರುಗಿಸಿದೆ.

ಎಡಗನ್ನಡಿ ಹೋಯಿತು. ಬಲಗನ್ನಡಿ ಹೋಯಿತು. ಹಲಗೆಗಳು ಕೆಳಗೆ ಗೋಳಿಟ್ಟವು. ಹಿಂದೆ ಬ್ರೇಕ್ ಕಿರುಚಿದ ಸದ್ದು... ಕಪ್ಪು ಕಾರು ಸೇತುವೆಯ ಬಾಯಲ್ಲೇ ನಿಂತಿತು. ಪಶ್ಚಿಮದ ಕಾರು. ಅಗಲ ಜಾಸ್ತಿ!

ನಕ್ಕೆ. ಎರಡು ವರ್ಷದಲ್ಲಿ ಮೊದಲ ಸಲ ಇರಬೇಕು.

ನಗು ಹದಿನೈದು ನಿಮಿಷ ಬಾಳಿತು. ದೊಡ್ಡ ರಸ್ತೆಗೆ ಸೇರುವ ಕಡೆ ಅಡ್ಡಲಾಗಿ ಕಂದಕ. ಕೇಬಲ್ ಕಂದಕ. ಆಚೆ ಮಣ್ಣಿನ ಗುಡ್ಡೆ. ಒಂದಷ್ಟು ಜನ ಗುದ್ದಲಿಗೆ ಒರಗಿ ರೊಟ್ಟಿ ತಿನ್ನುತ್ತಿದ್ದರು. ಕಾರು ನಿಲ್ಲಿಸಿ ಇಳಿದೆ. ಅಷ್ಟರಲ್ಲಿ ಸುತ್ತು ಹಾಕಿಕೊಂಡು ಬಂದ ಕಪ್ಪು ಕಾರು ನನ್ನ ಹಿಂದೆಯೇ ನಿಂತಿತು.

ಇಳಿದವನ ಗುರುತು ಸಿಕ್ಕಿತು.

ಡೀಟ್‌ಮಾರ್ ಕ್ರಾಲ್. ಹನ್ನೊಂದು ವರ್ಷ ಪೊಲೀಸ್ ಠಾಣೆಯಲ್ಲಿ ನನ್ನ ಎದುರು ಮೇಜಿನವನು. ಈಗ ಹೊಸ ಚರ್ಮದ ಜಾಕೆಟ್ಟು. ಕೈಯಲ್ಲಿ ಅದೇ ಹಳೆಯ ಇಲಾಖೆಯ ಲಾಠಿ. ಜೊತೆಗೆ ಬಾಗಿಲಿನಷ್ಟು ಅಗಲದ ಒಬ್ಬ. ಅವನು ಮಾತಾಡುವ ಜಾತಿಯಲ್ಲ.

"ಪುಸ್ತಕ ಕೊಡೋ ಹೆನ್ನರ್."

"ಓದೋ ಅಭ್ಯಾಸ ಯಾವಾಗಿಂದ?"

ಲಾಠಿ ಪಕ್ಕೆಗೆ ಬಿತ್ತು. ಕಣ್ಣಿಗೆ ಕತ್ತಲೆ. ಮೊಣಕಾಲೂರಿದೆ.

"ನಂಗೆ ಇದು ಇಷ್ಟ ಇಲ್ಲ ಕಣೋ," ಎಂದ ಕ್ರಾಲ್. ನಿಜವನ್ನೇ ಹೇಳುತ್ತಿದ್ದ. ಅವನ ಸುಳ್ಳು ನನಗೆ ಗೊತ್ತಾಗುತ್ತದೆ.

"ನಿನಗೆ... ಎಷ್ಟು ಕೊಡ್ತಾರೆ?"

"ಪಶ್ಚಿಮದವರಿಗೆ ಕೊಡೋದರಲ್ಲಿ ಅರವತ್ತು ಪರ್ಸೆಂಟ್."

"ಏಟೂ ಅರವತ್ತು ಪರ್ಸೆಂಟೇ ಇದೆ ಬಿಡು!"

ಅವನಿಗೆ ಸಿಟ್ಟು ಬಂತು. ಲಾಠಿ ಮತ್ತೆ ಮೇಲೆದ್ದಿತು...

"ಏಯ್! ಅದು ನಮ್ಮ ಹಾಲಿನಂಗಡಿ ಪೊಲೀಸ್ ಅಲ್ವೇನ್ರೋ?"

ಕಂದಕದಿಂದ ಒಂದು ಬೋಳು ತಲೆ ಮೇಲೆ ಬಂತು. ಉರ್ಬಾನ್. ಮೂವತ್ತು ವರ್ಷ ಸೂಜಿ ಕಾರ್ಖಾನೆಯ ಅಚ್ಚೊತ್ತುವ ಯಂತ್ರದ ಮುಂದೆ ನಿಂತವನು. ಜನವರಿಯಲ್ಲಿ ಮನೆಗೆ ಕಳಿಸಿದ್ದರು. ಈಗ ಸರ್ಕಾರದ ಯೋಜನೆಯಲ್ಲಿ ಮಣ್ಣು ಅಗೆಯುತ್ತಿದ್ದ. ಅವನ ಹಿಂದೆ ಹದಿಮೂರು ಜನ. ಹದಿಮೂರು ಗುದ್ದಲಿ.

"ಉರ್ಬಾನ್! ಮೆಲ್ಟ್ಸರ್ ಮೇಸ್ತ್ರಿ ಪುಸ್ತಕ ನನ್ನತ್ರ ಇದೆ. ಹನ್ನೆರಡಕ್ಕೆ ಕೆಮ್ನಿಟ್ಸ್‌ನಲ್ಲಿ ಇರಬೇಕು!"

ಉರ್ಬಾನ್ ಕ್ರಾಲ್‌ನನ್ನು ನೋಡಿದ. ರೊಟ್ಟಿಯ ಕೊನೆಯ ತುಂಡನ್ನು ಸಾವಧಾನವಾಗಿ ಬಾಯಿಗೆ ಹಾಕಿಕೊಂಡ.

"ಸಾಹೇಬ್ರೇ, ಈ ಕಂದಕ ಎರಡು ಮೀಟರ್ ಆಳ ಇದೆ. ಇನ್ನೂ ಮುಚ್ಚಿಲ್ಲ. ಅರ್ಥ ಆಯ್ತಾ?"

ಕ್ರಾಲ್‌ಗೆ ಅರ್ಥವಾಯಿತು. ಲಾಠಿ ಕೆಳಗಿಳಿಯಿತು.

ಆಮೇಲೆ ನಡೆದದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಆ ಹದಿನಾಲ್ಕು ಜನ ನನ್ನ ಟ್ರಬಾಂಟನ್ನು ಸುತ್ತುವರಿದರು. ಒಂದು... ಎರಡು... ಮೂರು! ಎತ್ತಿದರು. ಜನ ದಾಟಲೆಂದು ಕಂದಕಕ್ಕೆ ಹಾಸಿದ್ದ ಹಲಗೆಗಳ ಮೇಲೆ ಕಾಲೂರಿ, ಪಲ್ಲಕ್ಕಿಯ ಹಾಗೆ ಆಚೆ ದಾಟಿಸಿದರು. ಯಾರೂ ಜೈಕಾರ ಹಾಕಲಿಲ್ಲ. ಒಬ್ಬ ಮಾತ್ರ ಬಾನೆಟ್ ತಟ್ಟಿ, "ಮೇಸ್ತ್ರಿ ಪುಸ್ತಕ ಅಂದ್ರೆ ಮುಗೀತು. ನಾವೆಲ್ಲ ವಾಪಸ್ ಕಾರ್ಖಾನೆಗೆ ಹೋಗ್ತೀವಿ ಬಿಡಿ," ಎಂದ.

ಆ ಮಾತು ಲಾಠಿಗಿಂತ ಭಾರವಾಗಿತ್ತು. ಆಗ ಅದು ಗೊತ್ತಾಗಲಿಲ್ಲ.

ಹನ್ನೊಂದು ನಲವತ್ತು. ಸರ್ಕಾರಿ ಕಾರ್ಖಾನೆಗಳನ್ನು ಮಾರುವ ಕಚೇರಿ, ಮೂರನೆಯ ಮಹಡಿ.

ಅಧಿಕಾರಿಯ ಹೆಸರು ಡಾಕ್ಟರ್ ಟೆರ್‌ಹೋರ್ಸ್ಟ್. ಪಶ್ಚಿಮದಿಂದ ಬಂದವನು, ಮೂವತ್ತೈದರ ಪ್ರಾಯ. ನಾನು ಬಾಗಿಲು ಒದೆಯಲು ಸಿದ್ಧನಾಗಿದ್ದೆ. ಅವನೇ ತೆರೆದ. ಕುರ್ಚಿ ಎಳೆದುಕೊಟ್ಟ. ನನ್ನ ತುಟಿ ನೋಡಿ ಕರವಸ್ತ್ರ ಕೊಟ್ಟ.

ಕೆಟ್ಟವನೊಬ್ಬ ಸಿಕ್ಕಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು!

ಪುಸ್ತಕವನ್ನು ಮೇಜಿನ ಮೇಲಿಟ್ಟೆ. "ಎರ್ಲೆನ್‌ಟಾಲ್ ಹಳೇ ಕಬ್ಬಿಣ ಅಲ್ಲ. ಓದಿ."

ಅವನು ಎರಡು ಪುಟ ತಿರುವಿದ. ಮುಚ್ಚಿದ. ಆಮೇಲೆ ಎದ್ದು ಬೀರು ತೆರೆದು ಒಂದು ನೀಲಿ ಫೈಲು ತಂದ.

ಅದೇ ಇರುವೆ ಸಾಲು. ಅದೇ ಪುಟಗಳು. ನಕಲು ಪ್ರತಿ!

"ಇದು... ಎಲ್ಲಿ ಕದ್ದಿರಿ?"

"ಕದ್ದಿಲ್ಲ ಲಿಪ್ಪೋಲ್ಡ್ ಅವರೇ. ನವೆಂಬರ್‌ನಲ್ಲಿ ಕಾರ್ಖಾನೆ ನೋಡೋಕೆ ಹೋಗಿದ್ದೆ. ನಿಮ್ಮ ಮೇಸ್ತ್ರಿನೇ ಕೊಟ್ರು. ಸೇಬಿನ ಕೇಕ್ ಜೊತೆ."

"ನಿಮಗೆ ಮಾತ್ರ?"

"ಬಂದವರಿಗೆಲ್ಲ. ಪಶ್ಚಿಮದ ಕಂಪನಿಯವರಿಗೆ. ಇಟಲಿಯವರಿಗೂ. ಒಲೆ ಹತ್ತಿರ ಕರ್ಕೊಂಡು ಹೋಗಿ, ಹದ ಹಾಕಿ ತೋರಿಸಿದ್ರಂತೆ. ತುಂಬ ಅಚ್ಚುಕಟ್ಟಿನ ಮನುಷ್ಯ."

ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಇದನ್ನು ಓದುತ್ತಿರುವ ನೀವು ನಮ್ಮವರಲ್ಲ, ನಿಮಗೆ ಮೇಸ್ತ್ರಿ ಮಾಡಿದ್ದು ಮೂರ್ಖತನ ಅನ್ನಿಸಬಹುದು. ನಲವತ್ತು ವರ್ಷ ನಮ್ಮಲ್ಲಿ ನಿಯೋಗಗಳು ಬರುತ್ತಿದ್ದವು. ಬರ್ಲಿನ್ನಿನಿಂದ, ಮಾಸ್ಕೋದಿಂದ, ಒಮ್ಮೆ ಹನೋಯ್‌ನಿಂದ. ಬರುವ ಮುಂಚೆ ಅಂಗಳಕ್ಕೆ ಸುಣ್ಣ. ಕೊರತೆಯನ್ನೆಲ್ಲ ಪರದೆಯ ಹಿಂದೆ ಸೇರಿಸಿ, ಇದ್ದದ್ದರಲ್ಲಿ ಅತ್ಯುತ್ತಮವಾದದ್ದನ್ನು ಮುಂದಿಡುವುದು. ಕಾಫಿ, ಕೇಕ್, ಕೈಗೊಂದು ಫೈಲು. ಒಂದು ತಿಂಗಳಿಗೆ ಮೇಲಿನಿಂದ ಮೆಚ್ಚುಗೆಯ ಪತ್ರ ಬರುತ್ತಿತ್ತು. ಚೆನ್ನಾಗಿ ತೋರಿಸಿದವರ ಕಾರ್ಖಾನೆಯನ್ನು ಯಾರೂ ಯಾವತ್ತೂ ಮುಚ್ಚಿದ್ದಿಲ್ಲ. ಮೆಲ್ಟ್ಸರ್ ಪಾಲಿಗೆ ಬ್ರೀಫ್‌ಕೇಸ್ ಹಿಡಿದು ಬಂದವರೆಲ್ಲ ನಿಯೋಗವೇ. ಕೊಳ್ಳಲು ಬಂದವರು ಬೇರೆ ಜಾತಿ ಎಂದು ಅವನಿಗೆ ಹೇಳಿಕೊಟ್ಟವರು ಯಾರು? ನಾನೂ ಹೇಳಿರಲಿಲ್ಲ.

"ಇಟಲಿಯವನು ಎಲ್ಲಿ?" ಎಂದು ಕೇಳಿದೆ.

"ಬುಧವಾರ ಹಿಂದೆ ಸರಿದ್ರು. ಹದದ ಗುಟ್ಟು ಕೈಯಲ್ಲಿರುವಾಗ ಕಾರ್ಖಾನೆ ಯಾಕೆ ಬೇಕು? ಕೊಳ್ಳೋರು ಒಬ್ಬರೇ ಉಳಿದ್ರು. ಒಬ್ಬರೇ ಇದ್ದಾಗ ನಿಯಮಕ್ಕೆ ಕೆಲಸ ಇಲ್ಲ."

"ಕಂಪನಿಯವರು ಈ ಪುಸ್ತಕಕ್ಕೆ ನನ್ನ ಪಕ್ಕೆ ಮುರಿದರು!"

"ಮೇಸ್ತ್ರಿ ತಮಗೊಬ್ಬರಿಗೇ ಕೊಟ್ಟಿದಾರೆ ಅಂದ್ಕೊಂಡಿದ್ರು. ಬೇರೆಯವರಿಗೆ ಸಿಗಬಾರದು ಅಂತ."

"ಸೂಜಿ ಅಷ್ಟು ಚೆನ್ನಾಗಿದ್ರೆ ಮುಚ್ಚೋದ್ಯಾಕೆ?"

"ಚೆನ್ನಾಗಿರೋದಕ್ಕೇ." ಅವನು ಕಿಟಕಿಯ ಕಡೆ ತಿರುಗಿದ. "ಆರು ತಿಂಗಳಿಗೊಂದು ಸೂಜಿ ಮಾರೋರಿಗೆ, ಮೂರು ವರ್ಷ ಬಾಳೋ ಸೂಜಿ ಯಾಕೆ ಬೇಕು? ಸಾಧಾರಣವಾಗಿದ್ದಿದ್ರೆ ನೂರು ಜನರನ್ನಾದ್ರೂ ಇಟ್ಕೋತಿದ್ರೇನೋ."

ಗೋಡೆಯ ಮೇಲೆ ದೇಶದ ನಕ್ಷೆ. ಪಶ್ಚಿಮವೆಲ್ಲ ಗಾಢ ಹಸಿರು. ನಮ್ಮ ಕಡೆ ಡ್ರೆಸ್ಡೆನ್, ಯೇನಾ, ಲೈಪ್‌ಜಿಗ್... ಬೂದಿಯಲ್ಲಿ ಚಿಗುರಿದಂಥ ಹಸಿರು ಚುಕ್ಕೆಗಳು.

"ಅದೇನದು?"

"ಮುಂದಿನ ಇಪ್ಪತ್ತು ವರ್ಷದ ಬೆಳವಣಿಗೆಯ ಅಂದಾಜು."

ನಮ್ಮ ಕಣಿವೆಯನ್ನು ಬೆರಳಿನಿಂದ ಹುಡುಕಿದೆ. ಸಿಕ್ಕಿತು. ಬಣ್ಣವೇ ಇರಲಿಲ್ಲ.

"ಬಿಳಿ ಅಂದ್ರೆ?"

"ಬಿಳಿ ಅಂದ್ರೆ... ಗಾಳಿ ಚೆನ್ನಾಗಿದೆ. ಪ್ರವಾಸಿಗಳು ಬರಬಹುದು."

"ಚಿಮಣಿ ಆರಿಸಿದ್ರೆ ಎಲ್ಲಾ ಕಡೆ ಗಾಳಿ ಚೆನ್ನಾಗೇ ಇರುತ್ತೆ!"

ಅವನ ಕೊರಳಪಟ್ಟಿ ನನ್ನ ಮುಷ್ಟಿಗೆ ಹೇಗೆ ಬಂತೋ ಗೊತ್ತಿಲ್ಲ. ಗೋಡೆಗೆ ಒತ್ತಿದೆ. ಅವನು ಕೈ ಎತ್ತಲಿಲ್ಲ.

"ಹೊಡೀರಿ," ಎಂದ. "ನಾನು ಪೊಲೀಸ್ ಕರೆಯಲ್ಲ. ಈ ವಾರ ನೀವು ಮೂರನೆಯವರು."

ಇಪ್ಪತ್ತೆರಡು ವರ್ಷ ನಾನು ಸುಳ್ಳು ಹೇಳಿದವರನ್ನು ಹಿಡಿದಿದ್ದೇನೆ. ಈ ಕತೆಯಲ್ಲಿ ಎಲ್ಲರೂ ನಿಜವನ್ನೇ ಹೇಳಿದ್ದರು. ಯಾರ ಕೈಗೆ ಕೋಳ ಹಾಕಲಿ?

ಕೈ ಬಿಟ್ಟೆ.

ಪಕ್ಕದ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದು. ಸಹಿ ಹಾಕುವಷ್ಟು ಹೊತ್ತು ಕಳೆಯಿತು. ಆಮೇಲೆ ಗಾಜಿನ ಲೋಟಗಳು ಒಂದಕ್ಕೊಂದು ತಾಗಿದ ಸದ್ದು. ಹನ್ನೆರಡು ಗಂಟೆ.

ಕೆಳಗೆ ಮೆಟ್ಟಿಲ ಮೇಲೆ ಕ್ರಾಲ್ ಸಿಗರೇಟು ಸೇದುತ್ತ ನಿಂತಿದ್ದ. ನಾನೇ ಎಲ್ಲ ಹೇಳಿದೆ.

"ಬಂದವರಿಗೆಲ್ಲ? ಕೇಕ್ ಜೊತೆ?" ನಗಲು ಹೋದ. ಆಗಲಿಲ್ಲ. "ನಮ್ಮಪ್ಪನೂ ಹೀಗೇ ಕಣೋ."

ಅವನು ಸಿಗರೇಟನ್ನು ಬೂಟಿನಡಿ ಹೊಸಕಿದ.

"ಹೆನ್ನರ್... ಜೂನ್‌ನಿಂದ ಎರ್ಲೆನ್‌ಟಾಲ್ ಗೇಟಿಗೆ ಕಾವಲು ಬೇಕಂತೆ. ಒಬ್ಬನೇ. ನಂಗೆ ಮಾಡು ಅಂದ್ರು. ನಾನು ಲೈಪ್‌ಜಿಗ್‌ಗೆ ಹೋಗ್ತಿದೀನಿ. ನಿನ್ನ ಹೆಸರು ಹೇಳ್ಲಾ?"

"ಪಕ್ಕೆ ಮುರಿದವನು ಕೆಲಸ ಕೊಡಿಸ್ತೀಯಾ?"

"ಬೇರೆ ಯಾರು ಕೊಡಿಸ್ತಾರೆ, ಹೇಳು?"

ಕಾರು ಹತ್ತಿದೆ.

ಮೂರು ಗಂಟೆಗೆ ಕಾರ್ಖಾನೆಯ ಗೇಟು ತಲುಪಿದೆ. ಆರುನೂರ ನಲವತ್ತು ಜನ ಅಂಗಳದಲ್ಲಿ ನಿಂತಿದ್ದರು. ಯಂತ್ರಗಳೂ ನಿಂತಿದ್ದವು. ಆ ಕಣಿವೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯ ಸದ್ದು ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅದೇ ಮೊದಲು.

ಮೆಲ್ಟ್ಸರ್ ಮೇಸ್ತ್ರಿ ಮುಂದೆ ಬಂದ. ಇಸ್ತ್ರಿ ಮಾಡಿದ ನೀಲಿ ಕೋಟು. ಸುಟ್ಟ ಕಲೆಗಳ ಕೈ.

"ನೋಡಿದ್ರಾ ಅವರು? ಏನಂದ್ರು?"

"ಇಂಥ ಸೂಜಿ ಬೇರೆಲ್ಲೂ ಇಲ್ಲ ಅಂದ್ರು ಮೇಸ್ತ್ರಿ."

"ಹೇಳಿರಲಿಲ್ವಾ!" ಮುದುಕನ ಕಣ್ಣು ಹೊಳೆಯಿತು. ಹಿಂದಿದ್ದವರ ಕಡೆ ತಿರುಗಿದ. "ಕೇಳಿಸ್ತೇನ್ರೋ? ಪತ್ರ ಕಳಿಸ್ತಾರಾ ಹೆನ್ನರ್?"

"ಕಳಿಸ್ತಾರೆ."

"ನಂಗೊಬ್ಬನಿಗೆ ಬೇಡಪ್ಪ. ಎಲ್ಲರೂ ದುಡಿದಿದಾರೆ."

"ಎಲ್ಲರಿಗೂ ಬರುತ್ತೆ ಮೇಸ್ತ್ರಿ... ಒಬ್ಬರಿಗೂ ತಪ್ಪಲ್ಲ."

ರೋಸ್ವಿಟಾ ನನ್ನ ಮುಖ ನೋಡಿದಳು. ಗೇಟಿನ ಕಂಬಿ ಹಿಡಿದುಕೊಂಡು ನಿಂತಳು.

ಏಪ್ರಿಲ್‌ನಲ್ಲಿ ಪತ್ರಗಳು ಬಂದವು, ಎಲ್ಲರಿಗೂ... ಕೆಲಸದಿಂದ ತೆಗೆದ ಪತ್ರಗಳು. ಜೂನ್ ಮೊದಲ ಸೋಮವಾರ, ಬೆಳಿಗ್ಗೆ ಆರಕ್ಕೆ, ಕಂಪನಿ ಕೊಟ್ಟ ಟೋಪಿ ಹಾಕಿಕೊಂಡು ನಾನು ಆ ಗೇಟಿನ ಮುಂದೆ ನಿಂತೆ. ಒಳಗೆ ಕದಿಯಲು ಏನೂ ಉಳಿದಿರಲಿಲ್ಲ. ಹೊರಗೆ ಕದಿಯಲು ಯಾರೂ ಉಳಿದಿರಲಿಲ್ಲ.

ಆ ವರ್ಷ ನಮ್ಮ ಕಣಿವೆಯಲ್ಲಿ ಹೊಸದಾಗಿ ಹುಟ್ಟಿದ ಕೆಲಸ ಒಂದೇ ಒಂದು... ಅದು ನನ್ನದು!