ಹಗ್ಗ ಹಿಡಿಯುವವನು

ನಾಮಪತ್ರ ಸಲ್ಲಿಸಲು ಅದೇ ಕೊನೆಯ ದಿನ. ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಹಿಂದೆ ಅವಳ ತಮ್ಮ.

“ನಮ್ಮೆಜಮಾನ್ರು ನಿನ್ನೆ ಸಂಜೆಯಿಂದ ಕಾಣ್ತಿಲ್ಲ ಸಾರ್. ಮೂರು ಗಂಟೆಯೊಳಗೆ ಅರ್ಜಿ ಹಾಕ್ಬೇಕು.”

ಯಜಮಾನ ಬಂಡೆಜೇನು ಕೀಳುವವನು. ಕ್ಷೇತ್ರವೇನೋ ಬುಡಕಟ್ಟಿನವರಿಗೆ ಮೀಸಲು. ಆದರೆ ಇದುವರೆಗೆ ಗೆದ್ದವರೆಲ್ಲ ಮರದ ಗುತ್ತಿಗೆದಾರ ತಂದು ಕೂರಿಸಿದವರೇ. ಅವನು ಹೂಂ ಅಂದರೆ ಇವರೂ ಹೂಂ. ಈ ಸಲ ಅವನ ಮನೆಯ ಅಡುಗೆಯವನ ಸರದಿ, ಅವನೂ ಅದೇ ಬುಡಕಟ್ಟಿನವನು. ಯಾರ ಹಂಗೂ ಇಲ್ಲದೆ ಎದುರು ನಿಲ್ಲಲು ಹೊರಟವನು ಈ ಜೇನಿನವನೊಬ್ಬನೇ.

“ಯಾರ ಮೇಲೆ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ಇನ್ಯಾರ ಮೇಲೆ ಸಾರ್!”

ತಮ್ಮ ಗೋಡೆಯ ಗಡಿಯಾರ ನೋಡಿದ. ಎಫ್‌ಐಆರ್ ದಾಖಲಾಯಿತು. ಠಾಣೆಗೆ ಠಾಣೆಯೇ ಗುತ್ತಿಗೆದಾರನಲ್ಲಿಗೆ ಓಡಿತು. ಗೋದಾಮು, ಲಾರಿ, ಆಳುಗಳ ಕೋಣೆ, ಒಂದನ್ನೂ ಬಿಡಲಿಲ್ಲ. “ನಿಮ್ಮನೆ ಅಂದ್ಕೊಂಡು ಹುಡುಕಿ ಸಾರ್” ಎಂದು ಅವನು ನಗುತ್ತ ನಿಂತ. ಕಣ್ಣೆದುರೇ ಅಡುಗೆಯವನು ಹೊಸ ಅಂಗಿ ತೊಟ್ಟು ಕಾರು ಹತ್ತಿದ. ಇನ್‌ಸ್ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಸಿಕ್ಕಿದ್ದು ಮಾತ್ರ ಸೊನ್ನೆ.

ಎರಡೂವರೆಗೆ ದೂರುದಾರಳ ಮನೆಗೆ ಬಂದರು. ಹೆಡ್ ಕಾನ್‌ಸ್ಟೇಬಲ್ ಗೋಡೆಯ ಖಾಲಿ ಗೂಟ ತೋರಿಸಿದ. ಬುಟ್ಟಿ, ಕತ್ತಿ ಎಲ್ಲ ಅದರ ಕೆಳಗೇ ಇದ್ದವು.

“ಇಲ್ಲೇನಿತ್ತಮ್ಮ?”

“ಬಂಡೆ ಇಳಿಯೋ ಹಗ್ಗ. ಅಯ್ಯೋ, ನಾನು ನೋಡೇ ಇಲ್ವಲ್ಲ!”

“ಯಾರು ಒಯ್ದಿರ್ತಾರೆ?”

“ಬೇರೆಯವರು ಮುಟ್ಟೋ ಹಾಗೇ ಇಲ್ಲ. ಇವರು ಕೆಳಗೆ ಇಳೀತಾರೆ, ಮೇಲೆ ಹಿಡಿಯೋನು ನನ್ನ ತಮ್ಮ. ಅವರಿಬ್ಬರನ್ನ ಬಿಟ್ರೆ…” ಅವಳು ಮೆಲ್ಲಗೆ ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದಳು.

ಇನ್‌ಸ್ಪೆಕ್ಟರ್ ದನಿ ಏರಿಸಲಿಲ್ಲ. “ಭಾವ ಎಲ್ಲಪ್ಪಾ?”

“ಬಂಡೆ ಬುಡದಲ್ಲಿ, ಜೇನುಮೇಣ ಕಾಯಿಸೋ ಶೆಡ್ಡಲ್ಲಿ.”

ಜೀಪು ಬಂಡೆಯ ಬುಡ ಮುಟ್ಟುವಷ್ಟರಲ್ಲಿ ಮೂರು ದಾಟಿತ್ತು. ಪಂಚನಾಮೆಯಲ್ಲಿ ಹೀಗೆ ಬರೆಯಲಾಯಿತು: ವ್ಯಕ್ತಿಯನ್ನು ಕಂಬಕ್ಕೆ ಕಟ್ಟಲಾಗಿದೆ, ಹಗ್ಗ ಒತ್ತದಂತೆ ಮಣಿಕಟ್ಟಿಗೆ ಬಟ್ಟೆ ಸುತ್ತಲಾಗಿದೆ, ಬಾಯಿಗೆಟಕುವಂತೆ ನೀರಿಡಲಾಗಿದೆ.

ಬಿಡಿಸಿದ ಕೂಡಲೇ ಅವನು ಕೇಳಿದ್ದು ಗಂಟೆ ಎಷ್ಟೆಂದು. ಹೊರಗಿನ ಬಿಸಿಲು ನೋಡಿ ಅವನೇ ತಿಳಿದುಕೊಂಡು ನೆಲದ ಮೇಲೆ ಕೂತುಬಿಟ್ಟ.

“ಗುತ್ತಿಗೆದಾರ ನಿಂಗೇನು ಕೊಟ್ಟ?” ಇನ್‌ಸ್ಪೆಕ್ಟರ್ ತಮ್ಮನನ್ನು ಕೇಳಿದರು.

“ಏನೂ ಇಲ್ಲ ಸಾರ್. ನಿಮ್ಮ ಭಾವ ಅರ್ಜಿ ಹಾಕಿದ್ರೆ ನಿಮ್ಮಕ್ಕ ಅವನನ್ನ ಇನ್ನು ಜೀವಂತ ನೋಡಲ್ಲ ಅಂದ, ಅಷ್ಟೇ.”

ಅದನ್ನೂ ಹೇಳಿಕೆಯಲ್ಲಿ ಸೇರಿಸಿದರು. ಗುತ್ತಿಗೆದಾರ ಹಾಗಂದದ್ದನ್ನು ಕೇಳಿದವರು ಬೇರಾರೂ ಇರಲಿಲ್ಲ.

“ಕಟ್ಟಿದ್ದು ಹೇಗೆ?”

“ಹೊಸ ಗಂಟು ಹಾಕಿ ನೋಡೋಣ ಬನ್ನಿ ಭಾವ ಅಂದೆ. ನನ್ನ ನಂಬಿ ಕೈ ಚಾಚಿದ್ರು.” ಅವನು ಭಾವನತ್ತ ತಿರುಗಿ ಬಿಕ್ಕಿಬಿಕ್ಕಿ ಅತ್ತ. “ಬಂಡೆ ಇಳಿಯುವಾಗ ಹಗ್ಗ ನನ್ನ ಕೈಲಿರುತ್ತೆ ಭಾವ. ಈ ಚುನಾವಣೆಗೆ ಇಳಿದಿದ್ರೆ ನಿಮ್ಮನ್ನ ಯಾರು ಹಿಡೀತಿದ್ರು?”

ನಾಲ್ಕು ಗಂಟೆಗೆ ತಮ್ಮನ ಬಂಧನವಾಯಿತು. ಅಡುಗೆಯವನನ್ನು ಬಿಟ್ಟು ಬೇರಾರೂ ಅರ್ಜಿ ಹಾಕಿಲ್ಲ, ಅವನದು ಅವಿರೋಧ ಆಯ್ಕೆಯೇ ಸರಿ ಎಂಬ ಸುದ್ದಿ ಆಗಲೇ ಬಂದಿತ್ತು.

ಹೆಡ್ ಕಾನ್‌ಸ್ಟೇಬಲ್ ಹಗ್ಗವನ್ನು ಸುತ್ತಿ ಜಪ್ತಿಯ ಚೀಲಕ್ಕೆ ಹಾಕಿದ. “ಇದು ಕೋರ್ಟಿಗೆ ಹೋಗುತ್ತೆ ಕಣಪ್ಪ. ಜೇನಿಗೆ ಬೇರೆ ಹಗ್ಗ ನೋಡ್ಕೋ.”

ಜೇನಿನವನು ಬಾಮೈದ ಕೂತಿದ್ದ ಜೀಪಿನ ಹಿಂದಿನ ಸೀಟಿನತ್ತ ನೋಡಿದ.

“ಹಗ್ಗ ಸಿಗುತ್ತೆ ಸಾರ್” ಅಂದ.