ಏಳೂವರೆಯ ನೀಲಿ ಬೆಳಕು

"ಮುಚ್ಚಳ ತೆಗೀರಿ."

ತೋಳಿಗೆ ಬಿಳಿ-ಕೆಂಪು ಪಟ್ಟಿ ಕಟ್ಟಿಕೊಂಡು ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದವನು ಹಾಗೆಂದಾಗ ಮಿರ್ಕಾಗೆ ರೇಗಿಹೋಯಿತು. ಮುಷ್ಕರದ ಮೂರನೆಯ ದಿನ. ಕ್ಯಾಂಟೀನಿನಿಂದ ಬಿಸಿ ಡಬ್ಬಿ ಹೊತ್ತು ತಂದ ಬೆರಳುಗಳು ಸುಡುತ್ತಿದ್ದವು.

"ಸೌತೆಕಾಯಿ ಸೂಪು ಇದು. ಬಾಂಬಲ್ಲ."

"ಬಾಂಬಾದ್ರೆ ಬಿಡ್ತೀನಿ, ವೋಡ್ಕಾ ಆದ್ರೆ ಬಿಡಲ್ಲ. ಒಬ್ಬ ಕುಡಿದು ಬಿದ್ರೂ ನಾಳೆ ಟಿವಿಯಲ್ಲಿ ನಮ್ಮೆಲ್ಲರನ್ನೂ ಕುಡುಕರು ಅಂತಾರೆ."

ಅವನು ಜೇಬಿನಿಂದ ಚಮಚ ತೆಗೆದು, ಬಹಳ ಗಂಭೀರವಾಗಿ ರುಚಿ ನೋಡಿದ.

"ಉಪ್ಪು ಕಡಿಮೆ."

"ಅದಕ್ಕೆ ಇನ್ನೊಂದು ಮುಷ್ಕರ ಮಾಡಿ."

ಅವನು ನಕ್ಕ. ಸುಡುವ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡ. ಹೆಸರು ಸೇವೆರಿನ್, ಲೇತ್ ಯಂತ್ರದ ಕೆಲಸಗಾರ. ಮರುವರ್ಷದ ಶರತ್ಕಾಲದಲ್ಲಿ ಉಕ್ಕಿನ ತುಂಡೊಂದನ್ನು ತನ್ನ ಯಂತ್ರದಲ್ಲೇ ಕಡೆದು ಉಂಗುರ ಮಾಡಿ ಅವಳ ಬೆರಳಿಗೆ ತೊಡಿಸಿದ.

ಡಿಸೆಂಬರಿನಲ್ಲಿ ಸೈನ್ಯದ ಆಡಳಿತ ಬಂತು. ಟ್ಯಾಂಕೊಂದು ಅದೇ ಗೇಟನ್ನು ಮುರಿದು ಒಳನುಗ್ಗಿತು. ಲಾಠಿ ಹಿಡಿದವರ ಎರಡು ಸಾಲುಗಳ ನಡುವೆ ಗಂಡಸರನ್ನು ಓಡಿಸಿದರು. ಮುಷ್ಕರ ಸಮಿತಿಯಲ್ಲಿದ್ದವರನ್ನು ಲಾರಿಗೆ ತುಂಬಿಕೊಂಡು ಹೋದರು. ಅವರಲ್ಲಿ ಸೇವೆರಿನ್ ಕೂಡ ಇದ್ದ.

ಮಿರ್ಕಾ ಕಾದಳು...

ಜನವರಿಯ ಕೊನೆಯಲ್ಲಿ ಅವನು ಮರಳಿ ಬಂದ. ಒಬ್ಬನೇ. ಉಳಿದವರೆಲ್ಲ ಇನ್ನೂ ಒಳಗಿದ್ದರು.

ಹಾಗೆ ಒಬ್ಬನೇ ಹೊರಗೆ ಬರುವುದೆಂದರೇನು ಎಂದು ಊರಿಗೆ ಯಾರೂ ಹೇಳಬೇಕಿರಲಿಲ್ಲ. ಸರ್ಕಾರಕ್ಕೆ ವಿಧೇಯನಾಗಿರುತ್ತೇನೆ ಎಂಬ ಕಾಗದಕ್ಕೆ ಸಹಿ ಹಾಕಿದವರನ್ನು ಮಾತ್ರ ಬಿಡುತ್ತಿದ್ದರು. ಮಿರ್ಕಾ ಓಡಿಹೋಗಿ ನಿಜವೇ ಎಂದು ಕೇಳಿದಳು. ಅವನು ಬಾಗಿಲಲ್ಲೇ ನಿಂತು ಹೌದೆಂದ. ಯಾಕೆಂದು ಕೇಳಿದ್ದಕ್ಕೆ ಒಳಗಿನ ಕೋಣೆಯತ್ತ ಒಮ್ಮೆ ನೋಡಿ, ಸುಮ್ಮನಾದ. ಅವಳು ಮೆಟ್ಟಿಲಿಳಿದು ಬಂದವಳು ಮತ್ತೆ ಹತ್ತಲಿಲ್ಲ.

ಫೆಬ್ರವರಿಯಲ್ಲಿ ಊರಿನ ನಡಿಗೆ ಶುರುವಾಯಿತು.

ಸಂಜೆ ಏಳೂವರೆಗೆ ಟಿವಿಯಲ್ಲಿ ಸಮವಸ್ತ್ರ ತೊಟ್ಟವರು ವಾರ್ತೆ ಓದುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಊರಿಗೆ ಊರೇ ಮನೆಯ ದೀಪ ಆರಿಸಿ ಬೀದಿಗಿಳಿಯುತ್ತಿತ್ತು. ಘೋಷಣೆಯಿಲ್ಲ, ಬಾವುಟವಿಲ್ಲ, ಬರೀ ವಾಯುವಿಹಾರ. ಕೆಲವರು ಟಿವಿಯ ಮುಖವನ್ನು ಕಿಟಕಿಯಾಚೆಗೆ ತಿರುಗಿಸಿಟ್ಟು, ಬೀದಿನಾಯಿಗಳು ನೋಡಿಕೊಳ್ಳಲಿ ಎಂದು ಬರುತ್ತಿದ್ದರು. ಅರ್ಧ ಗಂಟೆ ಹಿಮದಲ್ಲಿ ನಡೆದು, ಟೋಪಿ ಎತ್ತಿ ಒಬ್ಬರಿಗೊಬ್ಬರು ವಂದಿಸಿ ಮನೆಗೆ ಮರಳುತ್ತಿದ್ದರು. ಇದಕ್ಕೆ ಯಾರನ್ನು ಬಂಧಿಸುವುದು?

ಒಂದೇ ಒಂದು ಮನೆಯಲ್ಲಿ, ಮೂರನೆಯ ಮಹಡಿಯಲ್ಲಿ, ಟಿವಿ ಒಳಮುಖವಾಗಿಯೇ ಓಡುತ್ತಿತ್ತು; ಪರದೆಯ ಹಿಂದೆ ನೀಲಿ ಬೆಳಕು ಅಲುಗಾಡುತ್ತಿತ್ತು. ಸೇವೆರಿನ್‌ನ ಮನೆ.

"ನೋಡಮ್ಮ, ನಿನ್ನ ಹುಡುಗ ಪಾಠ ಓದ್ಕೊಳ್ತಿದ್ದಾನೆ," ಎಂದಳು ಮಿರ್ಕಾಳ ಪಕ್ಕದಲ್ಲಿ ನಡೆಯುತ್ತಿದ್ದ ಎದುರುಮನೆಯ ಗೆನ್ಯಾ ಅತ್ತೆ. "ನಾಳೆ ಪರೀಕ್ಷೆ ಇರ್ಬೇಕು."

ಸುತ್ತಲಿನವರು ನಕ್ಕರು. ಗೆನ್ಯಾ ಅತ್ತೆಯ ಮಗ ಇನ್ನೂ ಜೈಲಿನಲ್ಲಿದ್ದ; ಅವಳಿಗೆ ಆ ಹಕ್ಕಿತ್ತು. ಮಿರ್ಕಾಗೆ ಮಾತ್ರ ಕಿವಿಯವರೆಗೆ ಉರಿಯಿತು. 'ಸಹಿ ಹಾಕಿದ್ದು ಹೆದರಿಕೆಯಿಂದ ಅಂದುಕೊಳ್ಳಬಹುದು... ಆದರೆ ಇದು? ಒಂದು ಗುಂಡಿ ಒತ್ತಿ ಟಿವಿ ಆರಿಸುವಷ್ಟೂ ನಾಚಿಕೆ ಇಲ್ಲವೇ?'

ಅವಳು ಗುಂಪಿನಿಂದ ಹೊರಬಿದ್ದಳು. ಮೆಟ್ಟಿಲೇರುತ್ತಲೇ ಕೈಗವಸು ಕಿತ್ತು ಉಂಗುರ ತೆಗೆದಳು. ಅವನಿಗೆ ಹಿಂದಿರುಗಿಸಲೆಂದು ಅದನ್ನು ಮುಷ್ಟಿಯಲ್ಲಿ ಹಿಡಿದಳು.

ಬಾಗಿಲು ತೆರೆದ ಸೇವೆರಿನ್ ಸೊರಗಿ ಅರ್ಧವಾಗಿದ್ದ. ಅವಳು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅವನ ತಾಯಿ ಸ್ಟೆಫಾನಿಯಾರ ದನಿ ಬಂತು. ಅವರ ಕಣ್ಣಿಗೆ ಈ ಚಳಿಗಾಲದಲ್ಲಿ ಪೂರ್ತಿ ಪೊರೆ ಬಂದುಬಿಟ್ಟಿತ್ತು.

"ಮಿರ್ಕಾ ಅಲ್ವಾ? ಹೆಜ್ಜೆ ಗೊತ್ತಾಯ್ತು. ಬಾ ಮಗಳೇ, ಬೇಗ ಬಾ, ವಿತೆಕ್ ಬರೋ ಹೊತ್ತು."

ವಿತೆಕ್ ಅವರ ಕಿರಿಯ ಮಗ. ಕಡ್ಡಾಯ ಸೈನಿಕ ಸೇವೆಗೆ ಹೋಗಿದ್ದ ಹತ್ತೊಂಬತ್ತರ ಹುಡುಗ.

ಮುದುಕಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದರು. ಸೇವೆರಿನ್ ಪಕ್ಕದಲ್ಲಿ ಮಂಡಿಯೂರಿದ.

"ಅಗೋ ಅಮ್ಮ, ಬಂದ. ಸೇತುವೆ ಹತ್ರ ಕಾವಲು. ಕೆಂಡದ ಬುಟ್ಟಿ ಇದೆ, ಚಳಿ ಕಾಯಿಸ್ಕೊಳ್ತಿದ್ದಾರೆ. ಎಡಗಡೆಯಿಂದ ಎರಡನೆಯವನು ಅವನೇ."

ಮಿರ್ಕಾ ಪರದೆಯತ್ತ ನೋಡಿದಳು. ಅಲ್ಲಿ ಸೇತುವೆಯಿರಲಿಲ್ಲ, ಸೈನಿಕರಿರಲಿಲ್ಲ. ಯಾವುದೋ ಸಕ್ಕರೆ ಕಾರ್ಖಾನೆಯ ಚೀಲಗಳು ಸಾಲಾಗಿ ಸಾಗುತ್ತಿದ್ದವು.

ಅವಳು ತಿರುಗಿ ಸೇವೆರಿನ್‌ನ ಮುಖ ನೋಡಿದಳು. ಅವನು ಅಮ್ಮನಿಗೆ ತಿಳಿಯದಂತೆ, ಹೇಳಬೇಡವೆಂದು ತಲೆಯಾಡಿಸಿದ.

"ನಿನ್ನ ಕಣ್ಣು ಚೆನ್ನಾಗಿದೆ, ನೀನು ಹೇಳು ಮಗಳೇ," ಸ್ಟೆಫಾನಿಯಾ ಅವಳ ಕೈ ತಡವಿ ಹಿಡಿದರು. "ಕೈಗವಸು ಹಾಕ್ಕೊಂಡಿದ್ದಾನಾ?"

ಅವಳ ಮುಷ್ಟಿಯೊಳಗೆ ಉಂಗುರ ಒತ್ತುತ್ತಿತ್ತು.

"ಹಾಕ್ಕೊಂಡಿದ್ದಾನೆ ಅಮ್ಮ... ನೀವು ಹೆಣೆದು ಕೊಟ್ಟ ಬೂದು ಬಣ್ಣದ್ದೇ."

ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದಿನಿಂದ ಅವನು ಮಡಚಿದ ಕಾಗದವೊಂದನ್ನು ತೆಗೆದು ಕೊಟ್ಟ. ಸೈನ್ಯದ ಮೊಹರು. ಜನವರಿಯಲ್ಲಿ ಹಿಮ ಗಟ್ಟಿದ ರಸ್ತೆಯಲ್ಲಿ ಲಾರಿ ಮಗುಚಿತ್ತು. ಮೂವರು ಹುಡುಗರು ಸತ್ತಿದ್ದರು; ಅವರಲ್ಲಿ ವಿತೆಕ್ ಒಬ್ಬ.

"ಜೈಲಿಗೇ ತಂದುಕೊಟ್ರು," ಎಂದ ಅವನು ಪಿಸುದನಿಯಲ್ಲಿ. "ಒಂದು ಕೈಯಲ್ಲಿ ಇದು, ಇನ್ನೊಂದು ಕೈಯಲ್ಲಿ ಸಹಿಯ ಕಾಗದ. ಅವನ ದಂಡಿನ ಊರಲ್ಲೇ ಮಣ್ಣು ಮಾಡ್ತಾರೆ, ಸಹಿ ಹಾಕಿದ್ರೆ ಹೋಗಬಹುದು ಅಂದ್ರು. ಹಾಕಿದೆ, ಮಿರ್ಕಾ. ಅಮ್ಮನ ಪರವಾಗಿ ಯಾರಾದ್ರೂ ಅಲ್ಲಿರಬೇಕಿತ್ತು."

"ನನಗಾದ್ರೂ ಹೇಳಬಹುದಿತ್ತಲ್ಲ..."

"ಬಾಗಿಲು ತೆರೆದಿತ್ತು, ಅಮ್ಮ ಒಳಗಿದ್ಲು. ಆಮೇಲೆ ಬೀದಿಲಿ ಹಿಡಿದು ಹೇಳಬಹುದಿತ್ತು... ಹೇಳಿದ್ರೆ ನೀನು ಅಳ್ತಿದ್ದೆ. ಯಾರಾದ್ರೂ ಕೇಳಿಸ್ಕೊಳ್ತಿದ್ರು. ಒಂದು ಗಂಟೆಲಿ ಅಮ್ಮನಿಗೆ ಸಂತಾಪ ಹೇಳೋಕೆ ಬಂದುಬಿಡ್ತಿದ್ರು. ಮೊದಲ ದಿನ ಅವಳಿಗೆ ಹೇಳೋಕೆ ನನಗೆ ಬಾಯೇ ಬರಲಿಲ್ಲ. ಎರಡನೇ ದಿನ ಅವಳೇ ಟಿವಿಲಿ ಅವನನ್ನ ಕಂಡೆ ಅಂತ ನಕ್ಕಳು. ಆಮೇಲೆ..."

ಅವನು ಮುಖ ಮುಚ್ಚಿಕೊಂಡ. ಲಾಠಿಯ ಸಾಲುಗಳ ನಡುವೆ ಓಡಿದಾಗಲೂ ಅಳದವನು ಅತ್ತ, ಸದ್ದಿಲ್ಲದೆ, ಗೋಡೆಯಾಚೆಗೆ ಕೇಳಿಸದಂತೆ. ಮಿರ್ಕಾ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಇಷ್ಟು ದಿನ ಕೆಳಗಿನ ಬೀದಿಯಲ್ಲಿ ನಡೆಯುತ್ತ ಈ ಕಿಟಕಿಯನ್ನು ಶಪಿಸಿದ್ದು ನೆನಪಾಗಿ ಅವಳಿಗೆ ತನ್ನ ಕಾಲುಗಳ ಮೇಲೇ ಹೇಸಿಗೆಯಾಯಿತು.

ಎರಡು ದಿನದಲ್ಲಿ ಸರ್ಕಾರ ನಡಿಗೆಗೂ ಉತ್ತರ ಕಂಡುಕೊಂಡಿತು. ಸಂಜೆ ಏಳರಿಂದ ಕರ್ಫ್ಯೂ.

ಆ ಸಂಜೆ ಏಳಕ್ಕೆ ಹತ್ತು ನಿಮಿಷವಿದ್ದಾಗ ಮಿರ್ಕಾ ಒಂದು ಸಣ್ಣ ಚೀಲ ಹಿಡಿದು ಸೇವೆರಿನ್‌ನ ಮನೆಯ ಕಡೆ ನಡೆದಳು. ಎದುರುಮನೆಯ ಕಿಟಕಿಯಲ್ಲಿ ಗೆನ್ಯಾ ಅತ್ತೆ ನಿಂತಿದ್ದಳು.

"ನೀನೂನಾ?" ಎಂದಳು. ಅಷ್ಟೇ. ಕಿಟಕಿ ಮುಚ್ಚಿದಳು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಅತ್ತೆಯೇ ಓಡಿಬಂದು ತಬ್ಬಿಕೊಳ್ಳುತ್ತಿದ್ದಳು. ಆ ಮಾತನ್ನು ನುಂಗಿಕೊಂಡು ಮಿರ್ಕಾ ಮೂರು ಮಹಡಿ ಹತ್ತಿದಳು. ನಾಳೆಯಿಂದ ಕ್ಯಾಂಟೀನಿನಲ್ಲಿ ಅವಳ ಪಕ್ಕದ ಕುರ್ಚಿಯೂ ಖಾಲಿಯಿರುತ್ತದೆ.

ಸೇವೆರಿನ್ ಬಾಗಿಲಿಗೆ ಅಡ್ಡ ನಿಂತ.

"ಈಗ ಒಳಗೆ ಬಂದ್ರೆ ಬೆಳಗಿನ ತನಕ ಹೊರಗೆ ಹೋಗೋ ಹಾಗಿಲ್ಲ. ಊರು ನಿನ್ನನ್ನೂ..."

"ಗೊತ್ತು."

"ಅಮ್ಮನ ಮುಂದೆ ಈ ನಾಟಕ ಎಷ್ಟು ದಿನ ಅಂತ ನನಗೇ ಗೊತ್ತಿಲ್ಲ, ಮಿರ್ಕಾ."

ಅವಳು ಕೈಗವಸು ತೆಗೆದಳು. ಉಂಗುರ ಮತ್ತೆ ಬೆರಳಲ್ಲಿತ್ತು.

"ಚೀಲದಲ್ಲಿ ಏನಿದೆ ಅಂತ ನೋಡಲ್ವಾ?"

ಅವನು ಬಾಗಿಲಿನಿಂದ ಸರಿದು ನಿಂತ. "ವೋಡ್ಕಾನಾ?"

"ಉಪ್ಪು."

ಒಳಗೆ ಸ್ಟೆಫಾನಿಯಾ ಕರೆಯುತ್ತಿದ್ದರು. ಅವನು ಇನ್ನೊಂದು ಕುರ್ಚಿ ತಂದು ನೀಲಿ ಬೆಳಕಿನ ಮುಂದೆ ಹಾಕಿದ.

"ಇವತ್ತು ನೀನು ಸುಮ್ಮನೆ ಕೂತ್ಕೋ," ಎಂದಳು ಮಿರ್ಕಾ ಅವನ ಕಿವಿಯಲ್ಲಿ. "ಇವತ್ತು ಅವನನ್ನ ನಾನು ಹುಡುಕ್ತೀನಿ."